ಮಳೆಗಾಲದ ಮಣ್ಣು, ಮಕ್ಕಳ ಜ್ವರ

ಆಟಿ ತಿಂಗಳು ಕಾಲಿಟ್ಟರೆ ಕರಾವಳಿಯಲ್ಲಿ ಕೆಸರುಗದ್ದೆಯ ಆಟಗಳು ಶುರು. ಶಾಲೆಯವರು, ಯುವಕ ಮಂಡಲದವರು, ಜಾತಿ ಸಂಘದವರು ಎಲ್ಲರೂ ಒಂದೊಂದು ಭಾನುವಾರ ಹಿಡಿದು 'ಕೆಸರ್ಡ್ ಒಂಜಿ ದಿನ' ನಡೆಸುತ್ತಾರೆ. ಹಗ್ಗಜಗ್ಗಾಟ, ಓಟ, ನಿಧಿ ಹುಡುಕಾಟ ಎಲ್ಲ ಮುಗಿಯುವಾಗ ಮಕ್ಕಳಲ್ಲಿ ಯಾರು ಯಾರ ಮಗು ಎಂದು ತಾಯಂದಿರಿಗೇ ಗುರುತು ಹತ್ತುವುದಿಲ್ಲ. ಅದೇ ವಾರ ವಾಟ್ಸಾಪಿನಲ್ಲಿ 'ಮಣ್ಣಿನಲ್ಲಿ ಮಾರಕ ಬ್ಯಾಕ್ಟೀರಿಯಾ' ಎಂಬ ಸಂದೇಶವೂ ಮನೆಯಿಂದ ಮನೆಗೆ ಹಾರುತ್ತದೆ. ಮರುದಿನ ಮಕ್ಕಳ ಡಾಕ್ಟರ ಎದುರು ಪ್ರಶ್ನೆ ಸಿದ್ಧ: "ಮಗುವನ್ನು ಕೆಸರಿಗೆ ಬಿಡಬಹುದಾ?"

ಬಿಡಬಹುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದುವಾಗ ಎದೆ ಹೊಡೆದುಕೊಳ್ಳುವುದು ಬೇಡ.

ಹಾಗೆಂದು ಆ ಸಂದೇಶ ಪೂರ್ತಿ ಸುಳ್ಳೂ ಅಲ್ಲ. ಮಣ್ಣಿನಲ್ಲಿ, ನಿಂತ ನೀರಿನಲ್ಲಿ ತಮ್ಮ ಪಾಡಿಗೆ ಬದುಕುವ ಕೆಲವು ಬ್ಯಾಕ್ಟೀರಿಯಾಗಳಿವೆ. ಕ್ಷಯದ ಕ್ರಿಮಿ ಒಬ್ಬರಿಂದ ಒಬ್ಬರಿಗೆ ದಾಟದಿದ್ದರೆ ಅದಕ್ಕೆ ಉಳಿಗಾಲವಿಲ್ಲ. ಇವಕ್ಕೆ ಆ ಹಂಗಿಲ್ಲ. ಮನುಷ್ಯನ ಮೈ ಇವಕ್ಕೆ ಬೇಕಾಗಿಯೇ ಇಲ್ಲ. ತರಚಿದ ಮಂಡಿಯಿಂದಲೋ, ಕುಡಿದ ನೀರಿನಿಂದಲೋ, ಬಿರುಮಳೆಯಲ್ಲಿ ಎದ್ದ ತುಂತುರಿನಿಂದಲೋ ಅಕಸ್ಮಾತ್ ಒಳಗೆ ಸೇರಿಬಿಡುತ್ತವೆ. ಸೇರಿದರೂ ಬಹುಪಾಲು ಮಕ್ಕಳ ಮೈ ಅವನ್ನು ಸದ್ದಿಲ್ಲದೆ ಮುಗಿಸುತ್ತದೆ. ಎಲ್ಲೋ ಕೆಲವರಲ್ಲಿ ಮಾತ್ರ ಅದು ಕಾಯಿಲೆಯಾಗುತ್ತದೆ. ಆ ಕೆಲವರಲ್ಲೂ ಕೇಡು ಮಾಡುವುದು ಕ್ರಿಮಿಗಿಂತ ಹೆಚ್ಚಾಗಿ ತಡ. ವಾರಗಟ್ಟಲೆ ಬೇರೆ ಯಾವುದೋ ಕಾಯಿಲೆಯೆಂದು ಔಷಧ ಕೊಡುತ್ತ ಕೂರುವ ತಡ. ಪೋಷಕರು ಗಮನ ಇಡಬೇಕಾದದ್ದು ಅಲ್ಲಿ.

ಇಂಥ ಕ್ರಿಮಿಗಳಲ್ಲಿ ಎಲ್ಲರಿಗೂ ಪರಿಚಯದ್ದು ಧನುರ್ವಾಯುವಿನದು. ಮಣ್ಣಿನಲ್ಲಿ, ಸಗಣಿಯಲ್ಲಿ ಅದರ ಬೀಜಾಣು ವರ್ಷಗಟ್ಟಲೆ ಕೂತಿರುತ್ತದೆ. ಒಂದು ಕಾಲಕ್ಕೆ ಹೊಕ್ಕುಳ ಬಳ್ಳಿ ಕೊಯ್ದ ಕತ್ತಿಯಿಂದಲೇ ಹಸುಗೂಸುಗಳು ಸಾಯುತ್ತಿದ್ದವು. ಬಸುರಿಯರಿಗೆ ಚುಚ್ಚುಮದ್ದು, ಆಸ್ಪತ್ರೆಯಲ್ಲಿ ಹೆರಿಗೆ, ಇವೆರಡೂ ಊರೂರಿಗೆ ತಲುಪಿದ ಮೇಲೆ 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ನಿವಾರಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿತು. ಮಣ್ಣು ಬದಲಾಗಲಿಲ್ಲ, ಕ್ರಿಮಿ ಇದ್ದಲ್ಲೇ ಇದೆ. ಬದಲಾದದ್ದು ನಮ್ಮ ತಯಾರಿ. ನಿಮ್ಮ ಮಗುವಿನ ತಾಯಿ ಕಾರ್ಡನ್ನು ಒಮ್ಮೆ ತೆಗೆದು ನೋಡಿ. ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆ ಯಾರೂ ತಪ್ಪಿಸುವುದಿಲ್ಲ. ಒಂದೂವರೆ ವರ್ಷದ ಮತ್ತು ಐದು ವರ್ಷದ ಬೂಸ್ಟರೂ ಸಾಮಾನ್ಯವಾಗಿ ಆಗಿರುತ್ತದೆ. ತಪ್ಪಿಹೋಗುವುದು 10 ಮತ್ತು 16ನೇ ವಯಸ್ಸಿನ ಟಿಡಿ ಚುಚ್ಚುಮದ್ದು. ಗದ್ದೆಯಲ್ಲಿ ಹೆಚ್ಚು ಆಡುವ ವಯಸ್ಸೂ ಅದೇ.

ಇನ್ನು ಲಸಿಕೆ ಇಲ್ಲದ ಕ್ರಿಮಿಗೆ ಬರೋಣ. ಅದು ತರುವ ಕಾಯಿಲೆಯ ಹೆಸರು ಮೆಲಿಯೊಯ್ಡೋಸಿಸ್. ಕ್ರಿಮಿಯ ಹೆಸರು ಬರ್ಕ್‌ಹೋಲ್ಡೇರಿಯಾ ಸ್ಯೂಡೋಮ್ಯಾಲಿಯೈ. ಹೆಸರು ನಾಲಿಗೆಗೆ ಒಗ್ಗದಿದ್ದರೂ ಕರಾವಳಿಯ, ಮಲೆನಾಡಿನ ಪೋಷಕರು ಒಮ್ಮೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. 1911ರಲ್ಲಿ ರಂಗೂನಿನಲ್ಲಿ ಆಲ್‌ಫ್ರೆಡ್ ವಿಟ್ಮೋರ್ ಎಂಬ ಬ್ರಿಟಿಷ್ ವೈದ್ಯ ಮತ್ತು ಅವನ ಜೊತೆ ಕೆಲಸ ಮಾಡುತ್ತಿದ್ದ ಸಿ. ಎಸ್. ಕೃಷ್ಣಸ್ವಾಮಿ, ಬೀದಿಯಲ್ಲಿ ದಿಕ್ಕಿಲ್ಲದೆ ಸತ್ತ ಅಫೀಮು-ಮಾರ್ಫಿನ್ ವ್ಯಸನಿಗಳ ಶವಗಳಲ್ಲಿ ಇದನ್ನು ಮೊದಲು ಗುರುತಿಸಿದರು. ಕಾಯಿಲೆಗೆ 'ವಿಟ್ಮೋರ್ ರೋಗ' ಎಂಬ ಹೆಸರೂ ಬಿತ್ತು. ಕೃಷ್ಣಸ್ವಾಮಿಯ ಹೆಸರು ಅದರಲ್ಲಿ ಸೇರಲಿಲ್ಲ. ಆ ಕಾಲದ ರೀತಿಯೇ ಅದು, ಇರಲಿ.

ಭಾರತದಲ್ಲಿ ಇದರ ಮೊದಲ ವರದಿ ಬಂದದ್ದು 1991ರಲ್ಲಿ, ಮುಂಬಯಿಯಿಂದ, ಅದೂ 'ಇಂಡಿಯನ್ ಪೀಡಿಯಾಟ್ರಿಕ್ಸ್' ಎಂಬ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ. ಪಕ್ಕದ ಬರ್ಮಾದಲ್ಲಿ ಸಿಕ್ಕ ಕಾಯಿಲೆ ನಮ್ಮ ಕಣ್ಣಿಗೆ ಬೀಳಲು ಎಂಬತ್ತು ವರ್ಷ ಹಿಡಿಯಿತು. ಅಷ್ಟೂ ಕಾಲ ಅದು ಇಲ್ಲಿ ಇರಲಿಲ್ಲವೆಂದಲ್ಲ, ಹುಡುಕುವವರಿರಲಿಲ್ಲ. ಆಮೇಲೆ ವೆಲ್ಲೂರಿನ ಸಿಎಂಸಿ, ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಂಥ ಕಡೆ ಪ್ರಯೋಗಾಲಯದವರು ಕಣ್ಣಿಟ್ಟು ನೋಡತೊಡಗಿದ ಹಾಗೆ ಪ್ರಕರಣಗಳು ಹೊರಬಂದವು. ಉಡುಪಿ, ದಕ್ಷಿಣ ಕನ್ನಡದಲ್ಲಿ ಈ ಕಾಯಿಲೆ ಇದೆ ಎಂಬುದು ಈಗ ಗುಟ್ಟಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,65,000 ಜನರಿಗೆ ಇದು ಬರುತ್ತಿರಬಹುದು, 89,000 ಮಂದಿ ಸಾಯುತ್ತಿರಬಹುದು ಎಂದು 2016ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ವಾಟ್ಸಾಪಿನ ಸಂದೇಶ ಎತ್ತಿಕೊಳ್ಳುವುದು ಈ ಅಂಕಿಯನ್ನೇ. ಅದು ತಲೆ ಎಣಿಸಿ ಬಂದದ್ದಲ್ಲ, ಅಂದಾಜು. ಅದರಲ್ಲಿ ಬಹುಪಾಲು ದೊಡ್ಡವರು.

ಈ ಅಂಕಿಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್ ನಗರದಲ್ಲಿ 1989ರಿಂದ ಈ ಕಾಯಿಲೆಯ ಪ್ರತಿಯೊಂದು ಪ್ರಕರಣವನ್ನೂ ಬಿಡದೆ ದಾಖಲಿಸುತ್ತ ಬಂದಿದ್ದಾರೆ. ಮೊದಲ ಇಪ್ಪತ್ತು ವರ್ಷದಲ್ಲಿ 540 ರೋಗಿಗಳು. ಆರಂಭದ ಐದು ವರ್ಷಗಳಲ್ಲಿ ನೂರಕ್ಕೆ 30 ಮಂದಿ ಸಾಯುತ್ತಿದ್ದರು. ಕೊನೆಯ ಐದು ವರ್ಷಗಳ ಹೊತ್ತಿಗೆ ಅದು ನೂರಕ್ಕೆ 9ಕ್ಕೆ ಇಳಿದಿತ್ತು. ಕ್ರಿಮಿ ಮೆತ್ತಗಾಗಿರಲಿಲ್ಲ. ಬೇಗ ಗುರುತಿಸುವುದು, ಬೇಗ ಸರಿಯಾದ ಔಷಧ ಶುರು ಮಾಡುವುದು, ಒಳ್ಳೆಯ ಐಸಿಯು ಆರೈಕೆ, ಇವು ಬಂದಿದ್ದವು. ಅಲ್ಲಿನ ರೋಗಿಗಳಲ್ಲಿ ಮಕ್ಕಳು ನೂರಕ್ಕೆ ಐವರ ಆಸುಪಾಸು ಮಾತ್ರ. ಆ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚಿನವರಿಗೆ ಇದ್ದದ್ದು ಚರ್ಮದ ಮೇಲಿನ ಹುಣ್ಣು, ಅಷ್ಟೆ.

ಕ್ರಿಮಿ ಇರುವುದು ಸಾಮಾನ್ಯವಾಗಿ ಮೇಲ್ಮಣ್ಣಿನಲ್ಲಲ್ಲ, ಒಂದಡಿಯಷ್ಟು ಕೆಳಗಿನ ತೇವದಲ್ಲಿ. ಮಳೆ ಹಿಡಿದು ನೀರಿನ ಮಟ್ಟ ಏರಿದಾಗ ಅದೂ ಮೇಲೇರುತ್ತದೆ. ಆದ್ದರಿಂದ ವರ್ಷದ ಬಹುಪಾಲು ಪ್ರಕರಣ ಮಳೆಗಾಲದಲ್ಲಿ, ಅದರ ಬೆನ್ನಿಗೆ ಬರುವ ವಾರಗಳಲ್ಲಿ. ಒಳಹೊಕ್ಕ ಮೇಲೆ ಕಾಯಿಲೆ ತೋರಲು ಸಾಮಾನ್ಯವಾಗಿ ಒಂದು ದಿನದಿಂದ ಮೂರು ವಾರದೊಳಗಿನ ಕಾಲ ಹಿಡಿಯುತ್ತದೆ. ದಶಕಗಳ ಕಾಲ ಮೈಯಲ್ಲಿ ಅಡಗಿದ್ದು ಎದ್ದುಬಂದ ಉದಾಹರಣೆಗಳೂ ಇವೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರಲ್ಲಿ ಹಾಗೆ ಕಂಡಾಗ ಅದಕ್ಕೆ 'ಟೈಂ ಬಾಂಬ್' ಎಂಬ ಅಡ್ಡಹೆಸರೂ ಬಂತು. ಆದರೆ ಅದು ಅಪರೂಪದಲ್ಲೂ ಅಪರೂಪ. ಮಗು ಮೂರು ವರ್ಷದ ಹಿಂದೆ ಗದ್ದೆಯಲ್ಲಿ ಬಿದ್ದದ್ದನ್ನು ನೆನೆದು ಈಗ ನಿದ್ದೆಗೆಡಬೇಕಿಲ್ಲ.

ಮಕ್ಕಳಲ್ಲಿ ಇದು ಕಾಣುವ ರೂಪಗಳು ಹಲವು, ತೊಡಕು ಇರುವುದೂ ಅಲ್ಲೇ. ಚರ್ಮದ ಮೇಲೆ ಒಂದೇ ಒಂದು ಕುರು. ಸುತ್ತ ಕೆಂಪು, ನಡುವೆ ಕೀವು, ಮಾಮೂಲಿ ಔಷಧಕ್ಕೆ ಒಣಗದೆ ಎರಡು ಮೂರು ವಾರ ಹಾಗೇ ಕೂತಿರುತ್ತದೆ. ಕೆಲವರಲ್ಲಿ ಕುತ್ತಿಗೆಯ ಗಂಟು ದಪ್ಪವಾಗಿ ಕೀವು ಕಟ್ಟುತ್ತದೆ. ಇದನ್ನು ನೋಡಿದ ಕೂಡಲೇ ನಮ್ಮಲ್ಲಿ ಮೊದಲು ಹೊಳೆಯುವುದು ಕ್ಷಯ, ತಪ್ಪೇನಿಲ್ಲ, ನಮ್ಮಲ್ಲಿ ಕ್ಷಯವೇ ಹೆಚ್ಚು. ಆದರೆ ಗಂಟಿನ ಕೀವನ್ನು ತೆಗೆದು ಪರೀಕ್ಷೆಗೆ ಕಳಿಸದೆ ಆರು ತಿಂಗಳ ಟಿಬಿ ಮಾತ್ರೆ ಶುರು ಮಾಡುವುದಾದರೆ, ಒಂದು ನಿಮಿಷ ನಿಲ್ಲಿಸಿ ಕೇಳುವ ಹಕ್ಕು ಪೋಷಕರಿಗಿದೆ. ಇನ್ನು ಕೆಲವರಲ್ಲಿ ನ್ಯುಮೋನಿಯಾ, ಕೀಲಿನಲ್ಲಿ ಅಥವಾ ಎಲುಬಿನಲ್ಲಿ ಕೀವು. ಹೊರಗೆ ಏನೂ ಕಾಣದೆ ಜ್ವರ ಮಾತ್ರ ಬಿಡದೆ, ಸ್ಕ್ಯಾನ್ ಮಾಡಿದಾಗ ಯಕೃತ್ತು ಇಲ್ಲವೇ ಗುಲ್ಮದಲ್ಲಿ ಸಣ್ಣ ಸಣ್ಣ ಕೀವಿನ ಗೂಡುಗಳು ಸಿಗುವುದೂ ಉಂಟು.

ಒಂದು ರೂಪದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅದು ಮಕ್ಕಳದ್ದೇ. ಥಾಯ್ಲೆಂಡ್, ಕಾಂಬೋಡಿಯಾದ ಮಕ್ಕಳಲ್ಲಿ ಈ ಕ್ರಿಮಿ ಕಿವಿಯ ಕೆಳಗಿನ ಜೊಲ್ಲುಗ್ರಂಥಿಗೆ ಇಳಿದು ಕೀವು ಕಟ್ಟಿಸುವುದು ಸಾಮಾನ್ಯ. ಡಾರ್ವಿನ್ನಿನಲ್ಲಿ ಅದು ಕಾಣುವುದೇ ಇಲ್ಲವೆನ್ನಬಹುದು. ಶುದ್ಧೀಕರಿಸದ ನೀರು ಕುಡಿಯುವುದೇ ಈ ವ್ಯತ್ಯಾಸಕ್ಕೆ ಕಾರಣವಿರಬಹುದು ಎಂಬ ಊಹೆಯಿದೆ. ಈ ಊತವನ್ನು ನೋಡಿದ ನಮ್ಮ ಅಜ್ಜಿಯರು ತಟ್ಟನೆ ಮಂಗನಬಾವು ಎನ್ನುತ್ತಾರೆ. ಲೇಪ ಅರೆದು ಹಚ್ಚುತ್ತಾರೆ, ವಾರ ಕಾಯುತ್ತಾರೆ. ಮಂಗನಬಾವಿಗೆ ಕಾಯುವುದು ಸರಿಯೇ, ಅದು ತಾನಾಗಿ ಇಳಿಯುತ್ತದೆ. ಆದರೆ ಊತ ಒಂದೇ ಕಡೆ ಇದ್ದು ದಿನದಿನಕ್ಕೆ ಏರುತ್ತಿದ್ದರೆ, ಮೇಲಿನ ಚರ್ಮ ಕೆಂಪಾಗಿ ಮುಟ್ಟಲು ಬಿಡದಷ್ಟು ನೋವಿದ್ದರೆ, ಕಿವಿಯಿಂದ ಅಥವಾ ಬಾಯೊಳಗೆ ಕೆನ್ನೆಯ ಕಡೆಯಿಂದ ಕೀವು ಬಂದರೆ, ವಾರ ಕಳೆದರೂ ಜ್ವರ ಬಿಡದಿದ್ದರೆ, ಅದು ಮಂಗನಬಾವಿನ ನಡವಳಿಕೆಯಲ್ಲ. ಲೇಪ ಒರೆಸಿ ಆಸ್ಪತ್ರೆಗೆ ಹೊರಡಿ. ಲೇಪ ಹಚ್ಚಿಕೊಂಡೇ ಬಂದರೂ ಬಯ್ಯುವವರಿಲ್ಲ, ಆದರೆ ಕೆಂಪು ಕಾಣಬೇಕಲ್ಲ!

ಮಳೆಗಾಲದ ಜ್ವರಗಳಲ್ಲಿ ಹೆಚ್ಚಿನವು ವೈರಸ್ಸಿನವು, ನಾಲ್ಕೈದು ದಿನಕ್ಕೆ ಇಳಿಯುತ್ತವೆ. ಡೆಂಗಿ ಇರಬಹುದು, ಇಲಿಜ್ವರ ಇರಬಹುದು. ಕರಾವಳಿಯ ವೈದ್ಯರು ಮೊದಲು ಅವನ್ನೇ ಹುಡುಕುತ್ತಾರೆ, ಹುಡುಕಬೇಕು. ಮೆಲಿಯೊಯ್ಡೋಸಿಸ್ ಸಾಲಿನ ಹಿಂದೆ ಎಲ್ಲೋ ನಿಂತಿರುತ್ತದೆ. ಅದನ್ನು ಮುಂದೆ ಕರೆಯಬೇಕಾದ ಹೊತ್ತು ಯಾವುದು? ಜ್ವರ ವಾರ ದಾಟಿದಾಗ. ಎರಡು ಬಗೆಯ ಆಂಟಿಬಯಾಟಿಕ್ ಕೊಟ್ಟರೂ ಕುರು, ಗಂಟು, ನ್ಯುಮೋನಿಯಾ ಜಗ್ಗದಿದ್ದಾಗ. ಒಂದಕ್ಕಿಂತ ಹೆಚ್ಚು ಕಡೆ ಕೀವು ಕಂಡಾಗ. ಮಗು ಏದುಸಿರು ಬಿಡುತ್ತಿದ್ದರೆ, ಮಂಕಾಗಿ ಎಚ್ಚರವಾಗದಂತಿದ್ದರೆ, ಕೈಕಾಲು ತಣ್ಣಗಾಗಿದ್ದರೆ, ಏನೂ ಕುಡಿಯದೆ ಉಚ್ಚೆ ಹೋಗುವುದು ನಿಂತಿದ್ದರೆ ಮಾತ್ರ ದಿನ ಎಣಿಸಬೇಡಿ, ಕಾರಣ ಯಾವುದೇ ಇರಲಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ನೇರ ಹೋಗಿ.

ಆ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: "ಕಲ್ಚರ್‌ಗೆ ಕಳಿಸಿದ್ದೀರಾ?"

ಕಲ್ಚರ್ ಎಂದರೆ ರಕ್ತವನ್ನೋ ಕೀವನ್ನೋ ಪೋಷಕಾಂಶದ ದ್ರವದಲ್ಲಿಟ್ಟು ಅದರಲ್ಲಿರುವ ಕ್ರಿಮಿ ಬೆಳೆಯಲು ಬಿಡುವುದು. ಬೆಳೆದ ಮೇಲೆ ಅದು ಯಾವುದು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ನೋಡುವುದು. ರಕ್ತ ಕೊಟ್ಟ ಸಂಜೆಯೇ ಬರುವ ಬಿಳಿಕಣದ ಲೆಕ್ಕ, ಸಿಆರ್‌ಪಿ ಇವೆಲ್ಲ ಸೋಂಕು ಇದೆ ಎಂದು ಹೇಳುತ್ತವೆಯೇ ಹೊರತು ಯಾರದು ಎಂದು ಹೇಳುವುದಿಲ್ಲ. ಕಲ್ಚರ್‌ಗೆ ಎರಡು ದಿನ ಬೇಕು, ಕೆಲವೊಮ್ಮೆ ಐದು ದಿನ. ಅದನ್ನು ಮೊದಲ ಡೋಸ್ ಆಂಟಿಬಯಾಟಿಕ್ ಕೊಡುವ ಮುಂಚೆಯೇ ತೆಗೆಯುವುದು ಉತ್ತಮ. ಮಗುವಿನ ಸ್ಥಿತಿ ಗಂಭೀರವಿದ್ದರೆ ಮಾತ್ರ ಔಷಧ ಕಾಯುವ ಹಾಗಿಲ್ಲ.

ಇಲ್ಲಿ ತಾಯಂದಿರ ಹತ್ತಿರ ಒಂದು ಬೇಡಿಕೆ. ರಕ್ತ ತೆಗೆಯುವಾಗ "ಇಷ್ಟು ಸಣ್ಣ ಮಗುವಿನಿಂದ ಅಷ್ಟೊಂದು ಯಾಕೆ?" ಎಂದು ಕಣ್ಣೀರಾಗುತ್ತೀರಿ. ನರ್ಸಮ್ಮ ಮರುಗಿ ಅರ್ಧಕ್ಕೇ ನಿಲ್ಲಿಸುತ್ತಾಳೆ. ಬಾಟಲಿಗೆ ಬಿದ್ದ ರಕ್ತ ಕಡಿಮೆಯಾದರೆ ಕ್ರಿಮಿ ಸಿಗುವ ಸಂಭವವೂ ಕಡಿಮೆ. ಮಗುವಿನ ತೂಕಕ್ಕೆ ತಕ್ಕಂತೆ ಎಷ್ಟು ತೆಗೆಯಬಹುದು ಎಂಬ ಲೆಕ್ಕ ಇದೆ, ಅದಕ್ಕಿಂತ ಹೆಚ್ಚು ಯಾರೂ ತೆಗೆಯುವುದಿಲ್ಲ. ಇನ್ನೊಂದು: ಮೊದಲ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲವೆಂದರೆ ಏನೂ ಇಲ್ಲವೆಂದಲ್ಲ. ಈ ಕಾಯಿಲೆಯಿದ್ದವರಲ್ಲಿ ಹತ್ತಕ್ಕೆ ಸುಮಾರು ಆರು ಮಂದಿಯಲ್ಲಷ್ಟೇ ಕಲ್ಚರ್ ಹಿಡಿಯುತ್ತದೆ. ಅನುಮಾನ ಗಟ್ಟಿಯಿದ್ದರೆ ರಕ್ತದ ಜೊತೆ ಗಂಟಲು, ಮೂತ್ರ, ಕೀವು ಎಲ್ಲದರಿಂದ ಮತ್ತೊಮ್ಮೆ ಕಳಿಸಬೇಕಾಗುತ್ತದೆ.

ಪ್ರಯೋಗಾಲಯದ ಒಳಗೂ ಈ ಕ್ರಿಮಿ ಕಣ್ಣು ತಪ್ಪಿಸುವುದರಲ್ಲಿ ಜಾಣ. ಮೊದಲ ದಿನ ತಟ್ಟೆಯಲ್ಲಿ ನುಣ್ಣಗೆ, ಮಾಮೂಲಿ ಸ್ಯೂಡೋಮೊನಾಸ್‌ನಂತೆ ಕಾಣುತ್ತದೆ. ಸುಕ್ಕುಗಟ್ಟಿದ ತನ್ನ ನಿಜವಾದ ಮುಖ ತೋರಿಸುವುದು ಎರಡು ಮೂರು ದಿನ ಬಿಟ್ಟು. ಅಷ್ಟರೊಳಗೆ 'ಹೊರಗಿನಿಂದ ಬಿದ್ದ ಕಸ' ಎಂದು ತಟ್ಟೆಯನ್ನು ಎಸೆದುಬಿಟ್ಟರೆ ಮುಗಿಯಿತು. ಜೆಂಟಮೈಸಿನ್‌ಗೂ ಕೊಲಿಸ್ಟಿನ್‌ಗೂ ಬಗ್ಗದೆ ಕೋ-ಅಮಾಕ್ಸಿಕ್ಲಾವ್‌ಗೆ ಬಗ್ಗುವ ಕಡ್ಡಿಯಾಕಾರದ ಕ್ರಿಮಿ ಎಂಬ ವರದಿ ಬಂದರೆ ಅನುಭವಿ ಸೂಕ್ಷ್ಮಜೀವಿ ತಜ್ಞರ ಕಿವಿ ನಿಮಿರುತ್ತದೆ. ಪೋಷಕರು ಇದನ್ನೆಲ್ಲ ಕಲಿಯಬೇಕಿಲ್ಲ. "ಮಗು ಕೆಸರುಗದ್ದೆಯಲ್ಲಿ ಆಡಿತ್ತು, ಮಂಡಿ ತರಚಿತ್ತು, ಮೆಲಿಯೊಯ್ಡೋಸಿಸ್ ಇರಬಹುದಾ ಅಂತ ಲ್ಯಾಬಿಗೆ ಒಂದು ಮಾತು ಹೇಳ್ತೀರಾ?" ಎಂದು ಡಾಕ್ಟರಿಗೆ ಹೇಳಿದರೆ ಸಾಕು. ಆ ಒಂದು ಸಾಲು ಚೀಟಿಯ ಮೇಲೆ ಬಿದ್ದರೆ ಒಳಗಿನವರು ನೋಡುವ ರೀತಿಯೇ ಬೇರೆ. ಇದರಿಂದ ಮುನಿಸಿಕೊಳ್ಳುವ ಡಾಕ್ಟರು ಇದ್ದರೆ ಇರಲಿ, ನೀವು ಕೇಳಿ.

ಕಾಯಿಲೆ ಗೊತ್ತಾದ ಮೇಲೆ ದಾರಿ ಸ್ಪಷ್ಟ. ಆದರೆ ಉದ್ದ. ಜ್ವರಕ್ಕೆಂದು ಸಾಮಾನ್ಯವಾಗಿ ಬರೆಯುವ ಅಮಾಕ್ಸಿಸಿಲಿನ್, ಅಜಿತ್ರೋಮೈಸಿನ್ ಸಿರಪ್ಪುಗಳು ಇದಕ್ಕೆ ನಾಟುವುದಿಲ್ಲ. ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಅನ್ನು ರಕ್ತನಾಳದ ಮೂಲಕ ಕನಿಷ್ಠ 10ರಿಂದ 14 ದಿನ ಕೊಡಬೇಕು; ಕೀವು ಒಳಗಿನ ಅಂಗದಲ್ಲಿದ್ದರೆ, ಎಲುಬಿಗೆ ಇಳಿದಿದ್ದರೆ ಇನ್ನೂ ಹೆಚ್ಚು ವಾರ. ಮನೆಯವರ ಧೈರ್ಯ ಕುಸಿಯುವುದು ಇಲ್ಲೇ. ಸರಿಯಾದ ಔಷಧವೇ ಹೋಗುತ್ತಿದ್ದರೂ ಜ್ವರ ಇಳಿಯಲು ಸುಮಾರು ಒಂಬತ್ತು ದಿನ ಹಿಡಿಯುವುದು ಈ ಕಾಯಿಲೆಯ ಸ್ವಭಾವ. ನಾಲ್ಕನೇ ದಿನವೂ ಮೈ ಸುಡುತ್ತಿದೆಯೆಂದು ನೆಂಟರು ಸಲಹೆ ಕೊಡತೊಡಗುತ್ತಾರೆ, ಆಸ್ಪತ್ರೆ ಬದಲಾಯಿಸುವ ಮಾತು ಬರುತ್ತದೆ. ಮಗುವಿನ ಉಸಿರು, ಚಟುವಟಿಕೆ, ಊಟ ಸುಧಾರಿಸುತ್ತಿದ್ದರೆ ಥರ್ಮಾಮೀಟರ್ ಒಂದನ್ನೇ ನಂಬಿ ಹೊರಡಬೇಡಿ.

ಆಮೇಲೆ ಮನೆಯಲ್ಲಿ ನುಂಗುವ ಔಷಧ, ಕೋ-ಟ್ರೈಮಾಕ್ಸಜೋಲ್, ಕನಿಷ್ಠ ಮೂರು ತಿಂಗಳು. ಹಳೆಯ, ಅಗ್ಗದ ಔಷಧ. ಕಷ್ಟವಿರುವುದು ಬೆಲೆಯಲ್ಲಲ್ಲ, ಮೂರು ತಿಂಗಳಲ್ಲಿ. ಮಗು ಆರನೇ ವಾರಕ್ಕೆ ಕುಣಿದಾಡುತ್ತಿರುತ್ತದೆ, ಕೊಡುವ ಕೈಗೆ ಬೇಸರ ಬಂದಿರುತ್ತದೆ. ಅರ್ಧಕ್ಕೆ ಬಿಟ್ಟವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. ಔಷಧ ನಡೆಯುವಾಗ ಮೈಮೇಲೆ ದದ್ದು ಎದ್ದರೆ, ಬಾಯಲ್ಲಿ ಹುಣ್ಣಾದರೆ ನೀವಾಗಿಯೇ ನಿಲ್ಲಿಸದೆ ಅಂದೇ ವೈದ್ಯರಿಗೆ ತೋರಿಸಿ. ರಕ್ತಕಣ, ಮೂತ್ರಪಿಂಡದ ಪರೀಕ್ಷೆಗೆ ಆಗಾಗ ಕರೆಯುತ್ತಾರೆ, ಹೋಗಿ. ಜಿ6ಪಿಡಿ ಕೊರತೆ ಇರುವ ಕುಟುಂಬವಾದರೆ ಮೊದಲೇ ಹೇಳಿ.

ಈ ಸಾಲಿಗೆ ಸೇರಿದ ಇನ್ನೊಂದು ಕ್ರಿಮಿಯಿದೆ, ಮೆಲಿಯೊಯ್ಡೋಸಿಸ್‌ಗಿಂತಲೂ ವಿರಳ: ಕ್ರೋಮೊಬ್ಯಾಕ್ಟೀರಿಯಂ ವಯೋಲೇಸಿಯಂ. ಪ್ರಯೋಗಾಲಯದ ತಟ್ಟೆಯಲ್ಲಿ ನೇರಳೆ ಹಣ್ಣಿನ ಬಣ್ಣದಲ್ಲಿ ಅರಳುತ್ತದೆ. ಅಷ್ಟು ಚಂದದ ಕ್ರಿಮಿ ಇನ್ನೊಂದಿಲ್ಲವೇನೋ. ಉಷ್ಣವಲಯದ ನೀರು, ಮಣ್ಣಿನಲ್ಲೆಲ್ಲ ಇದೆ; ಅಮೆಜಾನಿನ ರಿಯೊ ನೀಗ್ರೋ ನದಿಯಲ್ಲಿ ಹೇರಳ. 1905ರಲ್ಲಿ ಫಿಲಿಪೀನ್ಸಿನ ಕೋಣಗಳಲ್ಲಿ ಇದು ಕಾಯಿಲೆ ತರುತ್ತದೆಂದು ಗೊತ್ತಾಯಿತು, ಮನುಷ್ಯರಲ್ಲಿ ಮೊದಲು ದಾಖಲಾದದ್ದು 1927ರಲ್ಲಿ ಮಲಯದಲ್ಲಿ. ಗಾಯದ ಮೂಲಕ ಒಳಹೊಕ್ಕು ಕೆಲವೇ ದಿನಗಳಲ್ಲಿ ರಕ್ತಕ್ಕೂ ಯಕೃತ್ತಿಗೂ ಹರಡಬಲ್ಲದು. ಪೆನಿಸಿಲಿನ್, ಸೆಫಲೋಸ್ಪೋರಿನ್ ಗುಂಪಿನ ಔಷಧಗಳಿಗೆ ಸಾಮಾನ್ಯವಾಗಿ ಬಗ್ಗುವುದಿಲ್ಲ. ಸಿಪ್ರೊಫ್ಲಾಕ್ಸಸಿನ್, ಮೆರೊಪೆನೆಮ್‌ಗೆ ಬಗ್ಗುತ್ತದೆ. ಇಲ್ಲೂ ಹೆಸರು ಹೇಳಬಲ್ಲದ್ದು ಕಲ್ಚರ್ ಒಂದೇ.

ಇದನ್ನು ಇಲ್ಲಿ ತಂದದ್ದು ಬಣ್ಣಕ್ಕಾಗಿ ಅಲ್ಲ. 1982ರಲ್ಲಿ ಅಮೆರಿಕದ ವೈದ್ಯರು ಒಂದು ಸಂಗತಿ ಗಮನಿಸಿದರು: ಈ ಅಪರೂಪದ ಸೋಂಕು ತಗುಲಿದ ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಇನ್ನೊಂದು ಅಪರೂಪದ ದೋಷವಿತ್ತು, ಕ್ರಾನಿಕ್ ಗ್ರಾನ್ಯುಲೋಮ್ಯಾಟಸ್ ಡಿಸೀಸ್. ಈ ಮಕ್ಕಳ ಬಿಳಿರಕ್ತಕಣಗಳು ಕ್ರಿಮಿಯನ್ನು ನುಂಗುತ್ತವೆ, ಆದರೆ ನುಂಗಿದ್ದನ್ನು ಕೊಲ್ಲುವ ರಾಸಾಯನಿಕ ತಯಾರಿಸಲಾರವು. ಒಲೆಗೆ ಸೌದೆ ತುಂಬಿ ಬೆಂಕಿಕಡ್ಡಿ ಮರೆತ ಹಾಗೆ. ಅಮೆರಿಕದಲ್ಲಿ ಸುಮಾರು ಎರಡು ಲಕ್ಷ ಹೆರಿಗೆಗೆ ಒಂದು ಮಗುವಿಗೆ ಈ ದೋಷ ಇರುತ್ತದೆ. ಹೆಚ್ಚಾಗಿ ಗಂಡುಮಕ್ಕಳಲ್ಲಿ, ಸೋದರಮಾವನ ಮನೆಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮಂಥ ಕಡೆ ಹೆಣ್ಣುಮಕ್ಕಳಲ್ಲೂ ಕಾಣಬಹುದು. ಹಾಗಾಗಿ ಮಗುವಿಗೆ ನೇರಳೆ ಕ್ರಿಮಿಯ ಸೋಂಕು ಎಂಬ ವರದಿ ಬಂದರೆ, ಗುಣವಾಯಿತೆಂದು ಮನೆಗೆ ಹೋಗುವ ಮೊದಲು ರೋಗನಿರೋಧಕ ಶಕ್ತಿಯ ಡಿಎಚ್‌ಆರ್ ಎಂಬ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ. ಪದೇ ಪದೇ ಗಂಟಿನಲ್ಲಿ, ಯಕೃತ್ತಿನಲ್ಲಿ ಕೀವು ಕಟ್ಟುವ ಮಗು, ತಾಯಿಯ ತವರಿನಲ್ಲಿ ಎಳೆಯ ವಯಸ್ಸಿಗೇ ಸೋಂಕಿನಿಂದ ತೀರಿಕೊಂಡ ಗಂಡುಮಕ್ಕಳು, ಇವೂ ಅದೇ ಪರೀಕ್ಷೆಯ ಕಡೆ ಬೆರಳು ತೋರಿಸುತ್ತವೆ. ದೋಷ ಗೊತ್ತಾದರೆ ಸೋಂಕು ಬರುವ ಮೊದಲೇ ತಡೆಯುವ ಔಷಧಗಳನ್ನು ದಿನವೂ ಕೊಡಬಹುದು.

ಸರಿ, ಮನೆಯಲ್ಲಿ ಏನು ಮಾಡುವುದು? ಹೆಚ್ಚೇನಿಲ್ಲ. ಮೈಮೇಲೆ ಹಸಿ ಗಾಯವಿರುವ ದಿನ ಕೆಸರಾಟ ಬೇಡ, ಕೆರೆಯೀಜೂ ಬೇಡ. ಆಡಿ ಬಂದ ಮೇಲೆ ಹರಿಯುವ ಶುದ್ಧ ನೀರು, ಸೋಪು. ತರಚಿದ್ದು ಕಂಡರೆ ಮಣ್ಣು ಪೂರ್ತಿ ಹೋಗುವ ತನಕ ತೊಳೆದು ಒಣ ಬಟ್ಟೆಯ ಪಟ್ಟಿ ಕಟ್ಟಿ. ಕಾಫಿಪುಡಿ, ಸಗಣಿ, ಬೂದಿ, ಸುಣ್ಣ ಯಾವುದೂ ಬೇಡ. ಗಾಯಕ್ಕೆ ಕಾಫಿಪುಡಿ ಒತ್ತುವ ಅಭ್ಯಾಸ ಇಷ್ಟು ಓದಿದ ಮನೆಗಳಲ್ಲೂ ಹೇಗೆ ಉಳಿದಿದೆಯೋ ನನಗೆ ತಿಳಿಯದು. ರಕ್ತ ನಿಂತ ಹಾಗೆ ಕಾಣುತ್ತದೆ, ಒಳಗಿನ ಮಣ್ಣು ಒಳಗೇ ಮುಚ್ಚಿಹೋಗುತ್ತದೆ. ತೋಟದ ಕೆಲಸಕ್ಕೆ ಮಕ್ಕಳು ಜೊತೆಗೂಡಿದರೆ ಗಂಬೂಟು ಹಾಕಿಸಿ. ಕುಡಿಯುವ ನೀರನ್ನು ಕುದಿಸಿ, ಅದರಲ್ಲೂ ನೆರೆ ಬಂದು ತೆರೆದ ಬಾವಿಗೆ ಕೆಂಪು ನೀರು ಇಳಿದ ವರ್ಷ ಪಂಚಾಯಿತಿಯವರಿಂದ ಬ್ಲೀಚಿಂಗ್ ಪುಡಿ ಹಾಕಿಸದೆ ಬಳಸಬೇಡಿ. ಕ್ಲೋರಿನ್‌ಗೆ ಮೆಲಿಯೊಯ್ಡೋಸಿಸ್‌ನ ಕ್ರಿಮಿ ಬಗ್ಗುತ್ತದೆ.

ಹೆಚ್ಚಿನ ಎಚ್ಚರ ಬೇಕಾದ ಮಕ್ಕಳಿದ್ದಾರೆ. ಟೈಪ್ 1 ಮಧುಮೇಹದವರು, ಮೂತ್ರಪಿಂಡದ ದೀರ್ಘಕಾಲದ ತೊಂದರೆಯಿರುವವರು, ಸ್ಟಿರಾಯ್ಡ್ ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ತಲಸ್ಸೇಮಿಯಾದಿಂದ ಪದೇ ಪದೇ ರಕ್ತ ಪಡೆಯುವವರು. ಮಲೇಷ್ಯಾದ ಸಬಾ ರಾಜ್ಯದಲ್ಲಿ ಮೆಲಿಯೊಯ್ಡೋಸಿಸ್ ಬಂದ ಮಕ್ಕಳಲ್ಲಿ ತಲಸ್ಸೇಮಿಯಾದವರು ಬಹಳ ಇದ್ದರು. ಮೈಯಲ್ಲಿ ತುಂಬಿಕೊಂಡ ಕಬ್ಬಿಣ ಇಳಿಸುವ ಔಷಧ ಎಲ್ಲರಿಗೂ ಸಿಗತೊಡಗಿದ ಮೇಲೆ ಆ ಮಕ್ಕಳಲ್ಲಿ ಕಾಯಿಲೆ ಇಳಿಯಿತು. ಇಂಥ ಮಕ್ಕಳಿಗೆ ಮಳೆಗಾಲದ ಕೆಸರಾಟ ತಪ್ಪಿಸುವುದೇ ಲೇಸು, ದಡದಲ್ಲಿ ಕೂತು ಸೀಟಿ ಊದುವ ಕೆಲಸ ಕೊಡಿ. ಆದರೂ ಮನೆಯಲ್ಲಿ ನಿಜವಾದ ಅಪಾಯ ಹೆಚ್ಚಾಗಿ ಬೇರೆಯವರಿಗೆ. ಸಕ್ಕರೆ ಕಾಯಿಲೆಯಿರುವ ದೊಡ್ಡವರಿಗೆ ಇದು ಬರುವ ಸಂಭವ ಇಲ್ಲದವರಿಗಿಂತ ಹತ್ತು ಪಟ್ಟಿಗೂ ಮೀರಿ. ಮೊಮ್ಮಗನನ್ನು ಗದ್ದೆಗೆ ಬಿಡಬಹುದಾ ಎಂದು ಕೇಳಿಕೊಂಡು ಬರುವ ಅಜ್ಜನೇ ಶುಗರ್ 300 ಇಟ್ಟುಕೊಂಡು, ಹಿಮ್ಮಡಿ ಒಡೆದ ಬರಿಗಾಲಲ್ಲಿ ನಾಟಿಗೆ ಇಳಿದಿರುತ್ತಾನೆ. ಆ ಅಜ್ಜನ ಜ್ವರವನ್ನು ಮಗುವಿನ ಜ್ವರಕ್ಕಿಂತ ಬೇಗ ಗಮನಿಸಿ.

ಗಲ್ಫಿನಿಂದ, ಅಮೆರಿಕದಿಂದ ರಜೆಗೆ ಬಂದು ಹೋಗುವ ಮನೆಗಳಿಗೂ ಒಂದು ಮಾತು. ಅಲ್ಲಿನ ವೈದ್ಯರಿಗೆ ಈ ಕಾಯಿಲೆ ಹೊಳೆಯುವುದು ಕಷ್ಟ. 2021ರಲ್ಲಿ ಅಮೆರಿಕದ ನಾಲ್ಕು ರಾಜ್ಯಗಳಲ್ಲಿ ನಾಲ್ವರಿಗೆ ಮೆಲಿಯೊಯ್ಡೋಸಿಸ್ ಬಂತು, ಅದರಲ್ಲಿ ಇಬ್ಬರು ಮಕ್ಕಳು. ಯಾರೂ ವಿದೇಶಕ್ಕೆ ಹೋದವರಲ್ಲ. ತಿಂಗಳುಗಟ್ಟಲೆ ಹುಡುಕಿದ ಮೇಲೆ ಮೂಲ ಸಿಕ್ಕಿತು: ಭಾರತದಲ್ಲಿ ತಯಾರಾದ, ಕೋಣೆಗೆ ಸಿಂಪಡಿಸುವ ಸುಗಂಧದ ಬಾಟಲಿ. ಇಬ್ಬರು ತೀರಿಕೊಂಡರು, ಅವರಲ್ಲಿ ಒಂದು ಮಗು. ಮರುವರ್ಷ ಮಿಸಿಸಿಪ್ಪಿ ಕರಾವಳಿಯ ಮಣ್ಣಿನಲ್ಲೂ ಈ ಕ್ರಿಮಿ ಇರುವುದು ಗೊತ್ತಾಯಿತು. ಊರಿನಿಂದ ಮರಳಿದ ತಿಂಗಳೊಳಗೆ ಮಗುವಿಗೆ ಬಿಡದ ಜ್ವರ ಬಂದರೆ "ಇಂಡಿಯಾಗೆ ಹೋಗಿದ್ದೆವು" ಎಂದಷ್ಟೇ ಹೇಳಿದರೆ ಅವರು ಮಲೇರಿಯಾ, ಟೈಫಾಯ್ಡ್ ನೋಡಿ ನಿಲ್ಲಿಸುತ್ತಾರೆ. ಮಳೆಗಾಲ, ಕರಾವಳಿ, ಗದ್ದೆ, ಗಾಯ ಎಲ್ಲವನ್ನೂ ಬಿಡಿಸಿ ಹೇಳಿ. ಲ್ಯಾಬಿನವರಿಗೂ ಅದು ಬೇಕು, ಏಕೆಂದರೆ ಅಲ್ಲಿ ಈ ಕ್ರಿಮಿಯನ್ನು ವಿಶೇಷ ಭದ್ರತೆಯಲ್ಲಿ ಮಾತ್ರ ಮುಟ್ಟುತ್ತಾರೆ.

ಕಾಯಿಲೆ ಬಂದು ಹೋದ ಮಗು ಶಾಲೆಗೆ ಹೋಗಬಹುದು. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದು ಇಲ್ಲವೆನ್ನುವಷ್ಟು ಅಪರೂಪ. ತಟ್ಟೆ ಬೇರೆ, ಹಾಸಿಗೆ ಬೇರೆ ಮಾಡಬೇಕಿಲ್ಲ, ಪಕ್ಕದ ಬೆಂಚಿನ ಮಗುವಿನ ತಾಯಿಗೂ ಇದನ್ನು ತಿಳಿಸಿ. ಔಷಧ ನಡೆಯುವ ತಿಂಗಳುಗಳಲ್ಲಿ ಮಗುವಿನ ತೂಕ ಏರಿದರೆ ಡೋಸೂ ಏರಬೇಕಾಗುತ್ತದೆ, ಪ್ರತಿ ಭೇಟಿಯಲ್ಲೂ ತೂಕ ಹಾಕಿಸಿ. ಮುಂದಿನ ಒಂದೆರಡು ವರ್ಷ ಯಾವ ಜ್ವರಕ್ಕೆ ಯಾವ ಡಾಕ್ಟರ ಬಳಿ ಹೋದರೂ ಹಳೆಯ ಕಲ್ಚರ್ ವರದಿ ಕೈಯಲ್ಲಿರಲಿ. ಕಾಯಿಲೆಯ ಹೆಸರನ್ನು ಫೈಲಿನ ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಬರೆಸಿಡಿ.